ಸೂಜಿ ಚಿಕಿತ್ಸೆ ಆದ ಮೇಲೆ ನೋವಿಲ್ಲ, ಇನ್ನೂ ಸ್ಕ್ಯಾನ್ ಬೇಕಾ?

ಮಲ್ಪೆ ಬಲೆ ಅಂಗಡಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಓದಿ ಹೇಳಿ.

ನನಗೆ 41 ವರ್ಷ. ಮಲ್ಪೆ ಬಂದರಿನ ಹತ್ತಿರ ಬಲೆ, ಹಗ್ಗ ಮಾರುವ ಅಂಗಡಿ. ಐದು ವಾರದ ಹಿಂದೆ ಬೆಳಗಿನ ಜಾವ ಮೂರೂವರೆಗೆ ಎಡ ಪಕ್ಕೆಯಲ್ಲಿ ನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದೆ. ಹತ್ತು ನಿಮಿಷದಲ್ಲಿ ಮಲಗಲೂ ಆಗದು, ಕೂರಲೂ ಆಗದು. ಬಚ್ಚಲುಮನೆಯಲ್ಲಿ ಮೊಣಕಾಲೂರಿ, ಹಣೆಯನ್ನು ತಣ್ಣಗಿನ ಗೋಡೆಗೆ ಒತ್ತಿಕೊಂಡು ಕೂತಿದ್ದೆ. ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತಿತ್ತು. ಎರಡು ಸಲ ವಾಂತಿ. ಹೆಂಡತಿ ಅವಳ ಅಣ್ಣನಿಗೆ ಫೋನ್ ಮಾಡಿದಳು, ಭಾವ ಕಾರು ತಂದು ಆಸ್ಪತ್ರೆಗೆ ಸೇರಿಸಿದರು.

ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ಗಂಟೆಯಲ್ಲಿ ಮನುಷ್ಯನಾದೆ. ಸಿಟಿ ಸ್ಕ್ಯಾನಿನಲ್ಲಿ ಎಡ ಮೂತ್ರನಾಳದ ಕೆಳಭಾಗದಲ್ಲಿ 7 ಮಿಲಿಮೀಟರ್ ಕಲ್ಲು, ಕಿಡ್ನಿ ಸ್ವಲ್ಪ ಊದಿದೆ ಅಂತ ಬಂತು. ಕಲ್ಲು ಬೀಳಲು ರಾತ್ರಿ ಒಂದು ಟ್ಯಾಮ್ಸುಲೋಸಿನ್ ಮಾತ್ರೆ, ನೋವು ಬಂದರೆ ಇನ್ನೊಂದು ಮಾತ್ರೆ, ಮೂರು ವಾರ ಬಿಟ್ಟು ಬನ್ನಿ ಅಂದರು. ನಾಲ್ಕನೇ ದಿನ ಮತ್ತೆ ನೋವು ಬಂತು. ಆಗ ಚಿಕ್ಕಮ್ಮ ಒತ್ತಾಯ ಮಾಡಿ ಅಕ್ಯುಪಂಕ್ಚರ್ ಮಾಡುವವರ ಹತ್ತಿರ ಕಳಿಸಿದರು. ಐದು ಸಿಟ್ಟಿಂಗ್ ಆಯಿತು. ಸುಳ್ಳು ಹೇಳುವುದಿಲ್ಲ, ಮೊದಲನೇ ದಿನವೇ ಹಗುರ ಆಯಿತು. ಈಗ ಮೂರು ವಾರದಿಂದ ಒಂದು ಚೂರು ನೋವಿಲ್ಲ. ಆಸ್ಪತ್ರೆಗೆ ವಾಪಸ್ ಹೋಗಿಲ್ಲ. ಕಲ್ಲು ಬಿದ್ದದ್ದು ಮಾತ್ರ ನಾನು ನೋಡಿಲ್ಲ.

ಮನೆಯಲ್ಲಿ ಎಲ್ಲರೂ ಕರಗಿ ಹೋಗಿದೆ ಅನ್ನುತ್ತಾರೆ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ, ಈಗ ಬಲೆ ಕೆಲಸದ ಸೀಸನ್, ಅಂಗಡಿ ಬಿಡುವುದು ಕಷ್ಟ. ಸ್ಕ್ಯಾನ್ ನಿಜವಾಗಿ ಬೇಕಾ?

ಕಾರ್‌ಸ್ಟ್ರೀಟ್ ಅಣ್ಣ:
ನೋವಿಲ್ಲ ಅಂದ ಮೇಲೆ ಸ್ಕ್ಯಾನ್ ಎಂತಕ್ಕೆ ಮಾರಾಯ್ರೆ? ನನಗೂ ಒಮ್ಮೆ 4 ಮಿಲಿಮೀಟರ್ ಕಲ್ಲು ಬಂದಿತ್ತು. ಅಮ್ಮ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಾಳೆದಿಂಡಿನ ರಸ, ಮಧ್ಯಾಹ್ನ ಹುರುಳಿ ಸಾರು ಕೊಟ್ಟರು. ಹನ್ನೆರಡನೇ ದಿನ ಮೂತ್ರದಲ್ಲಿ ಟಕ್ ಅಂತ ಬಿತ್ತು. ಮತ್ತೆ ಬಂದಿಲ್ಲ. ದೇಹ ತಾನೇ ಸರಿ ಮಾಡಿಕೊಳ್ಳುತ್ತದೆ, ಹೆದರಬೇಡಿ.

ವಾರ್ಡ್ ಸಿಸ್ಟರ್ ಕುಂದಾಪುರ:
ಮಲ್ಪೆ ಅಣ್ಣ, ದಯವಿಟ್ಟು ಈ ವಾರವೇ ಸ್ಕ್ಯಾನ್ ಮಾಡಿಸಿ. ಯುರಾಲಜಿ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ನೋವು ಎಲ್ಲಿಂದ ಬರುತ್ತದೆ ನೋಡಿ. ಕಲ್ಲು ಚುಚ್ಚುವುದರಿಂದ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಕಿಡ್ನಿಯಿಂದ ಬ್ಲಾಡರಿಗೆ, ಅಂದರೆ ಮೂತ್ರಚೀಲಕ್ಕೆ, ಬರುವ ನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ, ಒಳಗೆ 3-4 ಮಿಲಿಮೀಟರ್ ಅಗಲ ಅಷ್ಟೇ. ಅಲ್ಲಿ 7 ಮಿಲಿಮೀಟರ್ ಕಲ್ಲು ಕೂತರೆ ಮೂತ್ರ ಹಿಂದೆ ನಿಲ್ಲುತ್ತದೆ, ಕಿಡ್ನಿ ಊದುತ್ತದೆ, ನಾಳ ಕಲ್ಲನ್ನು ತಳ್ಳಲು ಹಿಂಡಿಕೊಳ್ಳುತ್ತದೆ. ಆ ಒತ್ತಡವೇ ನೋವು. ಕಲ್ಲು ಒಂದು ಕೂದಲೆಳೆ ತಿರುಗಿ ಪಕ್ಕದಲ್ಲಿ ಮೂತ್ರ ಸೋರಲು ಜಾಗ ಸಿಕ್ಕಿದರೆ ನೋವು ನಿಲ್ಲುತ್ತದೆ. ಅದು ಒಳ್ಳೆಯದೇ. ಆದರೆ ದಾರಿ ಪೂರ್ತಿ ಮುಚ್ಚಿಯೇ ಇದ್ದರೂ ಕೆಲವು ದಿನದಲ್ಲಿ ನೋವು ಕಡಿಮೆಯಾಗುತ್ತದೆ. ಯಾಕೆ ಅಂದರೆ ಆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗಿ, ಅದು ಮೂತ್ರ ಮಾಡುವುದನ್ನೇ ಕಡಿಮೆ ಮಾಡುತ್ತದೆ. ಮೂತ್ರ ಇಲ್ಲ, ಒತ್ತಡ ಇಲ್ಲ, ನೋವೂ ಇಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತದೆ. ಸ್ಕ್ಯಾನ್ ಬಿಟ್ಟು ಬೇರೆ ಯಾವುದರಿಂದಲೂ ಗೊತ್ತಾಗುವುದಿಲ್ಲ.

ನಾಲ್ಕರಿಂದ ಆರು ವಾರ ಕಾಯುವುದು ವೈದ್ಯರ ಲೆಕ್ಕ. ನಿಮ್ಮದು ಐದು ವಾರ ಆಗಿದೆ. ಇದರ ನಡುವೆ ಚಳಿಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಮುಚ್ಚಿದ ನಾಳದ ಹಿಂದೆ ಸೋಂಕು ಸೇರಿದರೆ ಅದು ರಕ್ತಕ್ಕೆ ಹೋಗುತ್ತದೆ, ಜೀವಕ್ಕೇ ಅಪಾಯ. ಮೂತ್ರ ನಿಂತರೂ ಅಷ್ಟೇ, ಒಂದೇ ಕಿಡ್ನಿ ಇರುವವರಾದರೂ ಅಷ್ಟೇ. ಇದನ್ನು ಓದುವ ಬೇರೆಯವರಿಗೂ ಹೇಳುತ್ತಿದ್ದೇನೆ.

ಮಣ್ಣಗುಡ್ಡ ಲೆಕ್ಕಿಗ:
ಸಿಸ್ಟರ್ ಹೇಳಿದ್ದು ಸರಿ. ನನಗೆ ಕೋಪ ಬರುವುದು ಈ ಸೂಜಿಯವರ ಮೇಲೆ. ಕಾಲಿಗೆ ಸೂಜಿ ಚುಚ್ಚಿದರೆ ನಾಳದ ಕಲ್ಲು ಹೇಗೆ ಹೋಗುತ್ತದೆ? ಇದೆಲ್ಲ ಮನಸ್ಸಿನ ಸಮಾಧಾನ. ಹಣ ಕೊಟ್ಟಿದ್ದೇವೆ ಅಂತ ಗುಣ ಆಗಿದೆ ಅನಿಸುತ್ತದೆ, ಅಷ್ಟೇ.

ಎಂಡ್ ಪಾಯಿಂಟ್ ಪಿಜಿ:
ಮಣಿಪಾಲದಲ್ಲಿ ಓದುತ್ತಿರುವ ವೈದ್ಯ ವಿದ್ಯಾರ್ಥಿ ನಾನು. ಲೆಕ್ಕಿಗ ಸರ್, ಮನಸ್ಸಿನ ಸಮಾಧಾನ ಅಂತ ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

2022ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬೀಜಿಂಗಿನ ಒಂದು ಅಧ್ಯಯನ ಬಂತು. ಕಲ್ಲಿನ ನೋವಿನಿಂದ ತುರ್ತು ವಿಭಾಗಕ್ಕೆ ಬಂದ 80 ಜನ. ಎಲ್ಲರಿಗೂ ನೋವಿನ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು. ಜೊತೆಗೆ 40 ಜನರಿಗೆ ನಿಜವಾದ ಅಕ್ಯುಪಂಕ್ಚರ್, 40 ಜನರಿಗೆ ತೋರಿಕೆಯದ್ದು. ಹತ್ತು ನಿಮಿಷದಲ್ಲಿ ಮೊದಲ ಗುಂಪಿನ 31 ಜನರಿಗೆ ನೋವು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು. ಎರಡನೇ ಗುಂಪಿನಲ್ಲಿ 4 ಜನರಿಗೆ ಮಾತ್ರ. ಇಂಜೆಕ್ಷನ್ ಕೆಲಸ ಶುರು ಮಾಡಲು ಸಮಯ ತಗೊಳ್ಳುತ್ತದೆ, ಆ ಹೊತ್ತಿನಲ್ಲಿ ಸೂಜಿ ಸಹಾಯ ಮಾಡಿದೆ. ಬಚ್ಚಲುಮನೆಯ ನೆಲದಲ್ಲಿ ಕೂತಿದ್ದವರಿಗೆ ಆ ಹೊತ್ತು ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ. ಸಣ್ಣ ಅಧ್ಯಯನ, ಒಂದೇ ಆಸ್ಪತ್ರೆಯದ್ದು. ಆದರೂ ಸುಮ್ನೆ ಬಿಡುವಂತದ್ದಲ್ಲ.

ಆದರೆ ಗಮನಿಸಿ, ಅವರು ಅಳೆದದ್ದು ನೋವನ್ನು. ಕಲ್ಲು ಕರಗಿತು ಅಂತ ಅಲ್ಲಿ ಯಾರೂ ಹೇಳಿಲ್ಲ.

ಇನ್ನೊಂದು ಮಾತು, ಇದು ನಮ್ಮ ಅಲೋಪತಿಯ ಕಡೆಯದ್ದು. ಕಲ್ಲು ಬೀಳಿಸಲು ಅಂತ ನಾವು ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆಯನ್ನು ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 1167 ಜನರ ಒಂದು ಅಧ್ಯಯನದಲ್ಲಿ ಪರೀಕ್ಷೆ ಮಾಡಿದರು, 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ನಾಲ್ಕು ವಾರದಲ್ಲಿ ಬೇರೆ ಚಿಕಿತ್ಸೆ ಬೇಕಾಗದೇ ಇದ್ದವರು ಟ್ಯಾಮ್ಸುಲೋಸಿನ್ ತಗೊಂಡವರಲ್ಲಿ ನೂರಕ್ಕೆ 81. ಬರೀ ಸಕ್ಕರೆ ಗುಳಿಗೆಯಂತಹ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 80! ಅವರಲ್ಲಿ ಹೆಚ್ಚಿನವರ ಕಲ್ಲು ಸಣ್ಣದು. 5 ಮಿಲಿಮೀಟರಿಗಿಂತ ದೊಡ್ಡದು, ನಾಳದ ಕೆಳಭಾಗದಲ್ಲಿ ಇದ್ದರೆ ಮಾತ್ರೆಯಿಂದ ಲಾಭ ಉಂಟು ಅಂತ ಈಗಲೂ ಕೊಡುತ್ತಾರೆ, ನಿಮಗೆ ಕೊಟ್ಟದ್ದು ಅದಕ್ಕೇ.

ಇದನ್ನು ಯಾಕೆ ಹೇಳಿದೆ ಅಂದರೆ, ಸಣ್ಣ ಕಲ್ಲು ಹೆಚ್ಚಾಗಿ ತಾನೇ ಬೀಳುತ್ತದೆ. ಕಾರ್‌ಸ್ಟ್ರೀಟ್ ಅಣ್ಣನ 4 ಮಿಲಿಮೀಟರ್ ಕಲ್ಲು ಬಾಳೆದಿಂಡು ಇಲ್ಲದಿದ್ದರೂ ಬೀಳುವ ಸಾಧ್ಯತೆ ಜಾಸ್ತಿಯೇ ಇತ್ತು. ಬೀಳುವ ದಿನ ನಾವು ಯಾವುದನ್ನು ತಗೊಳ್ಳುತ್ತಿರುತ್ತೇವೋ ಅದಕ್ಕೆ ಹೆಸರು ಬರುತ್ತದೆ. ಮಾತ್ರೆಗೂ ಹಾಗೇ, ಸೂಜಿಗೂ ಹಾಗೇ. 7 ಮಿಲಿಮೀಟರ್ ಆದರೆ ಸುಮಾರು ಅರ್ಧಕ್ಕರ್ಧ ಅಂತ ಇಟ್ಟುಕೊಳ್ಳಿ.

ಕಾರ್‌ಸ್ಟ್ರೀಟ್ ಅಣ್ಣ:
ಅಂದರೆ ಅಮ್ಮನ ಬಾಳೆದಿಂಡು ವೇಸ್ಟಾ?

ಎಂಡ್ ಪಾಯಿಂಟ್ ಪಿಜಿ:
ಇಲ್ಲ ಅಣ್ಣ. ದಿನಾ ಒಂದು ದೊಡ್ಡ ಲೋಟ ದ್ರವ ಹೊಟ್ಟೆಗೆ ಹೋಯಿತಲ್ಲ, ಅದು ಒಳ್ಳೆಯದೇ. ಅಮ್ಮನಿಗೆ ಬೇಜಾರು ಮಾಡಬೇಡಿ.

ಸೂಜಿ ಡಾಕ್ಟ್ರು:
ನಾನು ಉಜಿರೆಯಲ್ಲಿ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಓದಿ, ಈಗ ಉಡುಪಿ ಹತ್ತಿರ ಅಕ್ಯುಪಂಕ್ಚರ್ ಮಾಡುತ್ತೇನೆ. ಐದೂವರೆ ವರ್ಷದ ಕೋರ್ಸು ಅದು. ಅಂಗರಚನೆ, ರೋಗನಿದಾನ ಎಲ್ಲ ಓದಿಯೇ ಸೂಜಿ ಹಿಡಿಯುವುದು. ಲೆಕ್ಕಿಗ ಸರ್ ಅವರ ಕೋಪಕ್ಕೆ ಕಾರಣ ಇದೆ, ನನಗೂ ಅದೇ ಕೋಪ ಇದೆ. ಹತ್ತು ದಿನದ ತರಬೇತಿ ಮುಗಿಸಿ ಬೋರ್ಡ್ ಹಾಕಿಕೊಂಡವರು ಕಲ್ಲು ಕರಗಿಸುತ್ತೇನೆ ಅಂತ ಹೇಳುವುದನ್ನು ಕೇಳಿದರೆ ಮೈ ಉರಿಯುತ್ತದೆ.

ಸೂಜಿ ಎಂತ ಮಾಡುತ್ತದೆ ಅಂತ ನೇರವಾಗಿ ಹೇಳುತ್ತೇನೆ. ಅದು ಕೂದಲಿಗಿಂತ ಸ್ವಲ್ಪ ದಪ್ಪದ ಸ್ಟೀಲಿನ ಸೂಜಿ, ಸುಮಾರು ಕಾಲು ಮಿಲಿಮೀಟರ್. ಒಳಗೆ ಯಾವ ಔಷಧವೂ ಇಲ್ಲ. ಕಲ್ಲಿನ ನೋವಿಗೆ ಸೊಂಟದ ಎರಡನೇ ಮಣಿಯ ಪಕ್ಕ, ಕೈಯ ಹಿಂಭಾಗ, ಕಾಲಿನ ಒಳಗಡೆ ಪಾದದ ಗಂಟಿನ ಮೇಲೆ ನಾಲ್ಕು ಬೆರಳು, ಹೀಗೆ ಹಾಕುತ್ತೇವೆ. ಸರಿಯಾದ ಜಾಗಕ್ಕೆ ಬಿದ್ದಾಗ ಚುಚ್ಚಿದ ನೋವಲ್ಲ, ಒಂದು ಭಾರ, ಜೋಮು ಬಂದ ಹಾಗೆ ಅನಿಸುತ್ತದೆ. ಇಪ್ಪತ್ತು-ಮೂವತ್ತು ನಿಮಿಷ ಬಿಡುತ್ತೇವೆ. ಆ ನರಗಳಿಂದ ಸುದ್ದಿ ಬೆನ್ನುಹುರಿಗೆ, ಮಿದುಳಿಗೆ ಹೋಗಿ, ದೇಹದ ಸ್ವಂತ ನೋವುನಿವಾರಕ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ. ಇದನ್ನು ಊಹೆ ಮಾಡಿ ಹೇಳುತ್ತಿಲ್ಲ. 1977ರಲ್ಲೇ ಒಂದು ಪ್ರಯೋಗ ಆಗಿತ್ತು. ಎಂಡಾರ್ಫಿನ್ ಕೆಲಸವನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ಅಕ್ಯುಪಂಕ್ಚರಿನ ನೋವುಶಮನವೂ ಹೋಯಿತು.

ಆದ್ದರಿಂದ ಮಲ್ಪೆ ಅಣ್ಣನಿಗೆ ಹಗುರ ಆದದ್ದು ನಿಜ. ನಾನು ಅದನ್ನು ದಿನಾ ನೋಡುತ್ತೇನೆ. ಆದರೆ ಹೆಚ್ಚಿನವರಿಗೆ ಬರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಸೂಜಿ ಕರಗಿಸುವುದಿಲ್ಲ. ಮಾತ್ರೆಯೂ ಕರಗಿಸುವುದಿಲ್ಲ, ಕಷಾಯವೂ ಕರಗಿಸುವುದಿಲ್ಲ. ಯೂರಿಕ್ ಆಸಿಡ್ ಕಲ್ಲು ಮಾತ್ರ ಮೂತ್ರದ ಹುಳಿ ಕಡಿಮೆ ಮಾಡುವ ಪೊಟ್ಯಾಸಿಯಂ ಸಿಟ್ರೇಟಿನಿಂದ ಕರಗಬಹುದು, ಅದೂ ವೈದ್ಯರ ಕಣ್ಣಿನ ಕೆಳಗೆ.

ನನ್ನ ಕ್ಲಿನಿಕ್ಕಿನಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪಕ್ಕೆ ನೋವು ಅಂತ ಬಂದವರು ಸ್ಕ್ಯಾನ್ ರಿಪೋರ್ಟ್ ತರದೆ ಎರಡನೇ ಸಿಟ್ಟಿಂಗ್ ಇಲ್ಲ. ಕಲ್ಲು ಇದ್ದರೆ ಯುರಾಲಜಿಸ್ಟ್ ಕೊಟ್ಟ ಮುಂದಿನ ತಾರೀಖು ನನ್ನ ಕೇಸ್ ಶೀಟಿನ ಮೇಲೆ ಕೆಂಪಿನಲ್ಲಿ ಬರೆಯುತ್ತೇನೆ. ತಾರೀಖು ದಾಟಿದರೆ ನಾನು ಸೂಜಿ ಹಾಕುವುದಿಲ್ಲ. ನಿಮಗೆ ಮಾಡಿದವರು ಮೂರು ವಾರದ ತಾರೀಖು ಕೇಳಿದ್ದರಾ? ಕೇಳಬೇಕಿತ್ತು. ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆದರಾ? ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಹಾಕಲೇಬಾರದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಕಾಲಿನ ಆ ಒಳಬಿಂದುವಿಗೆ ಗರ್ಭಿಣಿಯರಲ್ಲಿ ನಾವು ಸೂಜಿ ಹಾಕುವುದಿಲ್ಲ.

ಮಣ್ಣಗುಡ್ಡ ಲೆಕ್ಕಿಗ:
ಡಾಕ್ಟ್ರೇ, ಎಲ್ಲರೂ ನಿಮ್ಮ ಹಾಗೆ ಇದ್ದರೆ ನನಗೆ ತಕರಾರಿಲ್ಲ. ನಾನು ಸ್ವಲ್ಪ ಜಾಸ್ತಿ ಮಾತಾಡಿದೆ.

ಪಡುಬಿದ್ರಿ ಮಗಳು:
ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಬರೆಯಲೇಬೇಕು ಅನಿಸಿತು.

ಅಪ್ಪ ಉಡುಪಿ-ಮಂಗಳೂರು ಬಸ್ಸಿನ ಡ್ರೈವರ್ ಆಗಿದ್ದರು. ನಡುವೆ ಎಲ್ಲಿಯೂ ಇಳಿಯಲು ಸಮಯ ಇಲ್ಲ, ಹಾಗಾಗಿ ನೀರು ಕುಡಿಯುವುದೇ ಇಲ್ಲ. ಏಪ್ರಿಲ್ ಮೇ ಸೆಕೆಯಲ್ಲಿ ಎಂಜಿನ್ ಪಕ್ಕ ಕೂತು ಶರ್ಟು ಹಿಂಡಿದರೆ ಬೆವರು ಸುರಿಯುತ್ತಿತ್ತು. ಅವರಿಗೆ 8 ಮಿಲಿಮೀಟರ್ ಕಲ್ಲು. ಆಸ್ಪತ್ರೆಯವರು ಲೇಸರ್ ಮಾಡಿ ತೆಗೆಯುವ ಅಂದರು. ಅಪ್ಪನಿಗೆ ಆಪರೇಷನ್ ಹೆದರಿಕೆ. ಯಾರೋ ಹೇಳಿದರು ಅಂತ ಒಂದು ಕಡೆ ಸೂಜಿ ಮತ್ತು ಪುಡಿ ತಗೊಂಡರು. ಎರಡು ವಾರದಲ್ಲಿ ನೋವು ಪೂರ್ತಿ ನಿಂತಿತು. ಅಲ್ಲಿಯವರು ಕಲ್ಲು ಪುಡಿಯಾಗಿ ಹೋಗಿದೆ, ಇನ್ನು ಸ್ಕ್ಯಾನ್ ಮಾಡಿಸಿ ಹಣ ಹಾಳು ಮಾಡಬೇಡಿ ಅಂದರು. ನಾವು ನಂಬಿದೆವು. ನಾನೂ ನಂಬಿದೆ. ಡಿಗ್ರಿ ಓದಿದವಳು ನಾನು.

ಹನ್ನೊಂದು ತಿಂಗಳ ನಂತರ ಹರ್ನಿಯಾಕ್ಕೆ ಅಂತ ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟ್ರು ಮಾತಾಡುವುದನ್ನು ನಿಲ್ಲಿಸಿದರು. ಒಂದೇ ಜಾಗದಲ್ಲಿ ಪ್ರೋಬ್ ಹಿಂದೆ ಮುಂದೆ ಆಡಿಸುತ್ತಾ ಇದ್ದರು. ಬಲ ಕಿಡ್ನಿ ನೀರು ತುಂಬಿದ ಚೀಲದ ಹಾಗೆ ಆಗಿತ್ತು, ಅಂಚು ಕಾಗದದಷ್ಟು ತೆಳ್ಳಗೆ. ಕಲ್ಲು ಅಲ್ಲೇ ಇತ್ತು. ಆಮೇಲೆ ಐಸೋಟೋಪ್ ಸ್ಕ್ಯಾನ್ ಮಾಡಿದಾಗ ಆ ಕಿಡ್ನಿಯ ಕೆಲಸ ನೂರಕ್ಕೆ 9 ಅಂತ ಬಂತು. ಕಿಡ್ನಿಯ ಕೆಲಸ ತೋರಿಸುವ ರಕ್ತದ ಕ್ರಿಯಾಟಿನಿನ್ ಹೆಚ್ಚುಕಡಿಮೆ ಸರಿಯೇ ಇತ್ತು, ಇನ್ನೊಂದು ಕಿಡ್ನಿ ಎರಡರ ಕೆಲಸ ಮಾಡುತ್ತಿತ್ತಲ್ಲ.

ಅಪ್ಪ ರಿಪೋರ್ಟ್ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಡಾಕ್ಟ್ರಿಗೆ ಕೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ. "ನನಗೆ ನೋವೇ ಇರಲಿಲ್ಲವಲ್ಲ ಡಾಕ್ಟ್ರೇ" ಅಂದರು.

ಮಲ್ಪೆ ಅಣ್ಣ, ನಿಮ್ಮ ಪರಿಚಯ ನನಗಿಲ್ಲ. ಅಂಗಡಿ ಅರ್ಧ ದಿನ ಮುಚ್ಚಿ.

ಮಲ್ಪೆ ಬಲೆ ಅಂಗಡಿ:
ಓದಿದೆ ತಂಗಿ. ಹೆಂಡತಿಗೂ ಓದಿ ಹೇಳಿದೆ. ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಹೇಳಿಟ್ಟಿದ್ದೇನೆ. ಅಲ್ಟ್ರಾಸೌಂಡ್ ಸಾಕಾ, ಮತ್ತೆ ಸಿಟಿಯೇ ಬೇಕಾ?

ವಾರ್ಡ್ ಸಿಸ್ಟರ್ ಕುಂದಾಪುರ:
ಮೊದಲು ಅಲ್ಟ್ರಾಸೌಂಡ್ ಸಾಕು ಅಣ್ಣ. ಕಿಡ್ನಿ ಊದಿದೆಯಾ ಅಂತ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಕಲ್ಲು ಕೆಳಗೆ ಇದ್ದದ್ದರಿಂದ ಬ್ಲಾಡರ್ ತುಂಬಿಸಿಕೊಂಡು ಹೋಗಿ, ಹೋಗುವ ಒಂದು ಗಂಟೆ ಮುಂಚೆ ನಾಲ್ಕು ಲೋಟ ನೀರು. ಬ್ಲಾಡರ್ ಖಾಲಿ ಇದ್ದರೆ ನಾಳದ ಬಾಯಿ ಕಾಣುವುದಿಲ್ಲ. ನಾಳದ ನಡುಭಾಗ ಅಲ್ಟ್ರಾಸೌಂಡಿನಲ್ಲಿ ಸರಿಯಾಗಿ ಸಿಗುವುದಿಲ್ಲ, ಅನುಮಾನ ಇದ್ದರೆ ಅವರೇ ಸಿಟಿ ಬರೆಯುತ್ತಾರೆ. ಹಳೆಯ ಸಿಟಿ ಫಿಲ್ಮು ತಗೊಂಡು ಹೋಗಿ. ಅಲ್ಲಿಯವರೆಗೆ ಚಾ ಸೋಸುವ ಹಳೆಯ ಜರಡಿ ಒಂದನ್ನು ಬಚ್ಚಲಲ್ಲಿ ಇಟ್ಟುಕೊಂಡು ಪ್ರತಿ ಸಲ ಅದರ ಮೂಲಕವೇ ಮೂತ್ರ ಮಾಡಿ. ಏನಾದರೂ ಸಿಕ್ಕಿದರೆ ಬಿಸಾಡಬೇಡಿ, ಲ್ಯಾಬಿಗೆ ಕೊಡಬೇಕು.

ಇನ್ನೊಂದು, ನೋವು ಮತ್ತೆ ಬಂದರೆ ತಂಬಿಗೆಗಟ್ಟಲೆ ನೀರು ಕುಡಿದು ಕಲ್ಲು ತಳ್ಳಲು ನೋಡಬೇಡಿ. ನೋವಿನ ಹೊತ್ತಿನಲ್ಲಿ ಅದು ಒತ್ತಡ ಜಾಸ್ತಿ ಮಾಡುತ್ತದೆ. ನೀರು ಕುಡಿಯಬೇಕಾದ್ದು ನೋವಿಲ್ಲದ ದಿನಗಳಲ್ಲಿ, ವರ್ಷವಿಡೀ.

ಬಸಳೆ ಚಪ್ಪರ:
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮವರಿಗೆ ಎರಡು ಸಲ ಕಲ್ಲು ಬಂದಿದೆ. ಒಬ್ಬರು ಹಾಲು ಬಿಡಿ ಅಂದರು, ಒಬ್ಬರು ಟೊಮೆಟೊ ಬಿಡಿ ಅಂದರು, ಈಗ ನೆರೆಮನೆಯವರು ಬಸಳೆ ಬಿಡಿ ಅನ್ನುತ್ತಾರೆ. ಮನೆ ಹಿಂದೆ ಚಪ್ಪರ ತುಂಬ ಬಸಳೆ ಉಂಟು. ಮಳೆಗಾಲದಲ್ಲಿ ಪತ್ರೊಡೆಯೂ ಬೇಡವಾ?

ಎಂಡ್ ಪಾಯಿಂಟ್ ಪಿಜಿ:
ಅಕ್ಕ, ಹಾಲು ಮೊಸರು ಬಿಡಬೇಡಿ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಸೊಪ್ಪು ತರಕಾರಿಯಲ್ಲಿರುವ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಕ್ಯಾಲ್ಸಿಯಂ ಬಿಟ್ಟರೆ ಆ ಆಕ್ಸಲೇಟ್ ನೇರ ಕಿಡ್ನಿಗೆ ಬರುತ್ತದೆ. 2002ರಲ್ಲಿ ಇಟಲಿಯವರು 120 ಗಂಡಸರನ್ನು ಐದು ವರ್ಷ ನೋಡಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದವರಲ್ಲಿ ನೂರಕ್ಕೆ 38 ಜನರಿಗೆ ಕಲ್ಲು ಮರಳಿ ಬಂತು. ಕ್ಯಾಲ್ಸಿಯಂ ಮಾಮೂಲಿಯಾಗಿ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ 20.

ಬಸಳೆ, ಹರಿವೆ, ಪತ್ರೊಡೆಯ ಕೆಸು, ಈ ಮೂರರಲ್ಲೂ ಆಕ್ಸಲೇಟ್ ಜಾಸ್ತಿ. ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ವಾರಕ್ಕೊಮ್ಮೆ ಸಾಕು. ಬೇಯಿಸಿದ ನೀರು ಚೆಲ್ಲಿ, ಜೊತೆಗೆ ಮೊಸರು ಇಟ್ಟುಕೊಳ್ಳಿ. ನಮ್ಮೂರಿನಲ್ಲಿ ದೊಡ್ಡ ಶತ್ರು ಉಪ್ಪು. ಗಂಜಿ ಜೊತೆ ಉಪ್ಪಿನಕಾಯಿ, ಒಣಮೀನು, ಹಪ್ಪಳ, ನೀರಲ್ಲಿ ಉಪ್ಪು ಹಾಕಿಟ್ಟ ಮಾವಿನಕಾಯಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ.

ಆಕ್ಸಲೇಟ್ ತುಂಬ ಇರುವ ಹುಳಿ ಕಾಯಿ ಬಿಂಬುಳಿಯ ವಿಷಯ ಮಾತ್ರ ಜೋರಾಗಿ ಹೇಳುತ್ತೇನೆ. ಕೊಲೆಸ್ಟರಾಲ್ ಇಳಿಯುತ್ತದೆ ಅಂತ ಬಿಂಬುಳಿ ರಸ ಹಿಂಡಿ ಕುಡಿದ ಹತ್ತು ಜನರ ಕಿಡ್ನಿ ಹಠಾತ್ ಕೆಟ್ಟದ್ದನ್ನು ಕೇರಳದ ವೈದ್ಯರು 2013ರಲ್ಲಿ ಬರೆದಿದ್ದಾರೆ. ಮೀನು ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ. ಲೋಟದಲ್ಲಿ ರಸ ಕುಡಿಯುವುದು ಬೇಡವೇ ಬೇಡ. ದಾರೆಹುಳಿ ರಸವೂ ಬೇಡ, ಕಿಡ್ನಿ ಮೊದಲೇ ಸೋತವರಿಗಂತೂ ಅದು ವಿಷ.

ಕುಡಿಯಲು ನೀರು, ಎಳನೀರು, ಉಪ್ಪು ಹಾಕದ ಲಿಂಬೆ ಶರಬತ್ತು. ಲಿಂಬೆಯ ಸಿಟ್ರೇಟ್ ಕಲ್ಲು ಕಟ್ಟದ ಹಾಗೆ ತಡೆಯುತ್ತದೆ. ಎಷ್ಟು ಕುಡಿದಿರಿ ಅಂತ ಲೆಕ್ಕ ಬೇಡ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಇಲ್ಲಿಯ ಬೆವರಿಗೆ ಮೂರೂವರೆ ಲೀಟರ್ ಕುಡಿದರೂ ಕೆಲವು ದಿನ ಸಾಲುವುದಿಲ್ಲ. ಬಣ್ಣ ನೋಡಿ, ನೀರಿನ ಹಾಗೆ ತೆಳು ಇರಬೇಕು.

ಬಸಳೆ ಚಪ್ಪರ:
ಬಹಳ ಉಪಕಾರ ತಮ್ಮ. ಎರಡು ವರ್ಷದಿಂದ ಅವರಿಗೆ ಮೊಸರು ಕೊಟ್ಟಿರಲಿಲ್ಲ ನಾನು. ಬೇಜಾರಾಯಿತು.

ಮಲ್ಪೆ ಬಲೆ ಅಂಗಡಿ:
ಸ್ಕ್ಯಾನ್ ಆಯಿತು. ಕಲ್ಲು ಅಲ್ಲೇ ಉಂಟು. ಅದೇ 7 ಮಿಲಿಮೀಟರ್. ಬ್ಲಾಡರಿನ ಬಾಯಿಯ ಹತ್ತಿರ ಬಂದು ಸಿಕ್ಕಿಕೊಂಡಿದೆ. ಮೊದಲು ಸ್ವಲ್ಪ ಊದಿದ್ದ ಕಿಡ್ನಿ ಈಗ ಜಾಸ್ತಿ ಊದಿದೆ. ಡಾಕ್ಟ್ರು ಸ್ಕ್ರೀನ್ ನನ್ನ ಕಡೆ ತಿರುಗಿಸಿ ತೋರಿಸಿದರು. ಬಿಳಿ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ನನಗೆ ನೋವಿಲ್ಲ ಅಂದೆ. ಪಡುಬಿದ್ರಿ ತಂಗಿಯ ಅಪ್ಪ ಹೇಳಿದ್ದೇ ಮಾತು ನನ್ನ ಬಾಯಿಂದಲೂ ಬಂತು. ಕಿಡ್ನಿಗೆ ಇನ್ನೂ ಹಾನಿ ಆಗಿಲ್ಲ, ಸರಿಯಾದ ಸಮಯಕ್ಕೆ ಬಂದಿರಿ ಅಂದರು. ಗುರುವಾರ ದೂರ್ಬೀನು ಹಾಕಿ ಲೇಸರಿನಲ್ಲಿ ಒಡೆಯುತ್ತಾರೆ. ಹೆದರಿಕೆ ಉಂಟು.

ಸುರತ್ಕಲ್ ಗಲ್ಫ್ ರಿಟರ್ನ್:
ಹೆದರಬೇಡಿ ಅಣ್ಣ, ನನಗೆ ಆಗಿದೆ. ಹೊಟ್ಟೆ ಕೊಯ್ಯುವುದಿಲ್ಲ. ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಮೂತ್ರದ ದಾರಿಯಲ್ಲೇ ಹೋಗುತ್ತಾರೆ, ಮರುದಿನ ಮನೆ. ಆದರೆ ಒಳಗೆ ಒಂದು ಸ್ಟೆಂಟ್ ಹಾಕಿ ಬಿಡುತ್ತಾರೆ, ಡಿಜೆ ಸ್ಟೆಂಟ್ ಅಂತ, ಎರಡೂ ತುದಿ ಸುರುಳಿ ಸುತ್ತಿದ ಮೆತ್ತಗಿನ ನಳಿಗೆ. ಅದನ್ನು ತೆಗೆಸಲು ಮರೆಯಬೇಡಿ!

ನಾನು ರಜೆಯಲ್ಲಿ ಬಂದಾಗ ಆಪರೇಷನ್ ಆಯಿತು. ರಜೆ ಮುಗಿಯಿತು, ಸ್ಟೆಂಟ್ ಇಟ್ಟುಕೊಂಡೇ ದುಬೈಗೆ ಹೋದೆ. ಅಲ್ಲಿ ತೆಗೆಸುವ ಅಂತ ಇದ್ದೆ, ಕೆಲಸದಲ್ಲಿ ದಿನ ಹೋಯಿತು. ಹದಿನಾಲ್ಕು ತಿಂಗಳು. ಆ ಸ್ಟೆಂಟಿನ ಸುತ್ತಲೇ ಕಲ್ಲು ಕಟ್ಟಿಕೊಂಡಿತು. ಎರಡು ನಿಮಿಷದಲ್ಲಿ ಎಳೆಯಬೇಕಾದದ್ದಕ್ಕೆ ಎರಡು ಆಪರೇಷನ್ ಬೇಕಾಯಿತು, ಬೆನ್ನಿನಿಂದ ತೂತು ಮಾಡಿ ಒಂದು, ಕೆಳಗಿನಿಂದ ಒಂದು. ಡಿಸ್ಚಾರ್ಜ್ ಕಾಗದದಲ್ಲಿ ತೆಗೆಯುವ ತಾರೀಖು ಬರೆದಿರುತ್ತಾರೆ. ಹೆಂಡತಿಗೆ ತೋರಿಸಿ ಇಡಿ.

ಮಲ್ಪೆ ಬಲೆ ಅಂಗಡಿ:
ಆಯಿತು. ಮನೆಗೆ ಬಂದೆ. ಕಲ್ಲಿನ ಚೂರುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು, ಕಂದು ಬಣ್ಣ, ನಮ್ಮ ಕಡಲಿನ ದೊರಗು ಮರಳಿನ ಹಾಗೆಯೇ. ಲ್ಯಾಬಿಗೆ ಕಳಿಸಿದ್ದಾರೆ. ಈಗ ತೊಂದರೆ ಅಂದರೆ ಸ್ಟೆಂಟಿನದ್ದು. ಗಂಟೆಗೊಮ್ಮೆ ಮೂತ್ರಕ್ಕೆ ಅವಸರ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಎಳೆದ ಹಾಗೆ ಆಗುತ್ತದೆ, ನಿನ್ನೆ ಸ್ವಲ್ಪ ಕೆಂಪಗೂ ಹೋಯಿತು. ಇದಕ್ಕೆ ಸೂಜಿ ಹಾಕಿಸಬಹುದಾ ಡಾಕ್ಟ್ರೇ?

ಎಂಡ್ ಪಾಯಿಂಟ್ ಪಿಜಿ:
ಅವಸರ, ಎಳೆತ, ತೆಳು ಕೆಂಪು, ಇವೆಲ್ಲ ಸ್ಟೆಂಟ್ ಇರುವವರೆಗೆ ಇರುತ್ತವೆ. ದಟ್ಟ ರಕ್ತ, ರಕ್ತದ ಹೆಪ್ಪು, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ. ಅಂದ ಹಾಗೆ ಟ್ಯಾಮ್ಸುಲೋಸಿನ್ ಮುಂದುವರಿಸಲು ಹೇಳಿದ್ದಾರಾ? ಸ್ಟೆಂಟಿನ ತೊಂದರೆಗೆ ಅದು ನಿಜವಾಗಿ ಸಹಾಯ ಮಾಡುತ್ತದೆ. ರಾತ್ರಿ ತಗೊಳ್ಳಿ, ಏಳುವಾಗ ನಿಧಾನ, ತಲೆ ಸುತ್ತಬಹುದು.

ಸೂಜಿ ಡಾಕ್ಟ್ರು:
ಹಾಕಬಹುದು ಅಣ್ಣ. ನಿಮ್ಮ ಯುರಾಲಜಿಸ್ಟಿಗೆ ಮೊದಲು ಹೇಳಿ, ಆಂಟಿಬಯೋಟಿಕ್ ಕೋರ್ಸ್ ಮುಗಿಯಲಿ, ಜ್ವರ ಇಲ್ಲ ಅಂತ ಖಚಿತ ಮಾಡಿಕೊಂಡು ಬನ್ನಿ. ಸ್ಟೆಂಟ್ ಇರುವಾಗ ನಾನು ಪಕ್ಕೆಯ ಮೇಲೆ ಹಾಕುವುದಿಲ್ಲ, ಕೈ ಮತ್ತು ಕಾಲಿನ ಬಿಂದು ಸಾಕು. ಅವಸರ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡುವುದಿಲ್ಲ, ಸೊಂಟದ ಬಿಗಿತ ಸಡಿಲ ಆಗಿ ರಾತ್ರಿ ಸ್ವಲ್ಪ ನಿದ್ದೆ ಬಂದರೆ ಅದೇ ಲಾಭ. ಸ್ಟೆಂಟ್ ತೆಗೆಯುವ ತಾರೀಖು ಯಾವಾಗ?

ಮಲ್ಪೆ ಬಲೆ ಅಂಗಡಿ:
29. ಹೆಂಡತಿ ಅಂಗಡಿಯ ಕ್ಯಾಲೆಂಡರಿನಲ್ಲೂ ಮನೆಯ ಕ್ಯಾಲೆಂಡರಿನಲ್ಲೂ ಸುತ್ತು ಹಾಕಿದ್ದಾಳೆ.

ಸೂಜಿ ಡಾಕ್ಟ್ರು:
ನಾನೂ ಬರೆದುಕೊಂಡೆ.

ಮಲ್ಪೆ ಬಲೆ ಅಂಗಡಿ:
ಇವತ್ತು 29. ಬೆಳಿಗ್ಗೆ ಹತ್ತಕ್ಕೆ ತೆಗೆದರು. ಸುರತ್ಕಲ್ ಅಣ್ಣ ಹೇಳಿದ ಹಾಗೆ ಎರಡೇ ನಿಮಿಷ. ಲ್ಯಾಬ್ ರಿಪೋರ್ಟ್ ಬಂತು, ಕ್ಯಾಲ್ಸಿಯಂ ಆಕ್ಸಲೇಟ್. ಆರು ವಾರ ಬಿಟ್ಟು ಕಿಡ್ನಿಯ ಊತ ಇಳಿದಿದೆಯಾ ಅಂತ ಮತ್ತೊಂದು ಅಲ್ಟ್ರಾಸೌಂಡ್, ಆ ತಾರೀಖಿಗೂ ಸುತ್ತು ಬಿದ್ದಿದೆ. ಪಡುಬಿದ್ರಿ ತಂಗಿ, ಅಪ್ಪ ಈಗ ಹೇಗಿದ್ದಾರೆ?

ಪಡುಬಿದ್ರಿ ಮಗಳು:
ಚೆನ್ನಾಗಿದ್ದಾರೆ ಅಣ್ಣ. ಬಸ್ಸು ಬಿಟ್ಟಿದ್ದಾರೆ. ದಿನಾ ಎರಡು ಲೀಟರಿನ ಬಾಟಲಿ ಎರಡು ಸಲ ತುಂಬಿಸಿ ಜಗಲಿಯಲ್ಲಿ ಇಟ್ಟುಕೊಳ್ಳುತ್ತಾರೆ, ಸಂಜೆಯೊಳಗೆ ಖಾಲಿ ಮಾಡುತ್ತಾರೆ. ನಿಮ್ಮ ವಿಷಯ ಹೇಳಿದೆ. ಕಿಡ್ನಿ ಉಳಿಯಿತಾ ಅಂತ ಮೂರು ಸಲ ಕೇಳಿದರು.